ನಾಲ್ಕು ಬಳೆಯ ಕಾರು

ಮೂವತ್ತೈದು ದಾಟಿದ ಸಾಫ್ಟ್‌ವೇರ್ ಮಂದಿಗೆ ಬರುವ ಕಾಯಿಲೆಗಳಲ್ಲಿ ಬೆನ್ನುನೋವು ಒಂದು, ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರಿನ ಆಸೆ ಇನ್ನೊಂದು. ಮೊದಲನೆಯದಕ್ಕೆ ಫಿಸಿಯೋಥೆರಪಿ ಇದೆ. ಎರಡನೆಯದಕ್ಕೆ ಇನ್ನೂ ಔಷಧ ಬಂದಿಲ್ಲ. ಲಕ್ಷಣಗಳು ಮಾತ್ರ ಎಲ್ಲರಿಗೂ ಒಂದೇ. ಅಪ್ರೈಸಲ್ ಮುಗಿದ ವಾರ ಶುರುವಾಗುತ್ತೆ. ರಾತ್ರಿ ಹನ್ನೊಂದರ ಮೇಲೆ ಮೊಬೈಲಿನಲ್ಲಿ ಹಳೇ ಕಾರುಗಳ ಫೋಟೋ ನೋಡೋದು, ಒಂದನ್ನ ಕಾಲೇಜಿನ ವಾಟ್ಸ್ಯಾಪ್ ಗ್ರೂಪಿಗೆ ಹಾಕೋದು, ಅದರ ಕೆಳಗೆ ಯಾವನೋ ಒಬ್ಬ "ಮಗಾ, ಕ್ರೆಟಾ ರೇಟಿಗೆ ಆಡಿ ಸಿಗ್ತಿದೆ, ಇನ್ನೇನ್ ಯೋಚ್ನೆ ಮಾಡ್ತೀಯ?" ಅಂತ ಬರೆಯೋದು. ಆಮೇಲೆ ನಿದ್ದೆ ಬರಲ್ಲ.

ನನಗೆ ಬಂದ ಕಾಯಿಲೆಯ ಹೆಸರು ಆಡಿ ಎ3. 2016ರ ಮಾಡೆಲ್, ಡೀಸೆಲ್, ಓಡಿದ್ದು 64,000 ಕಿಲೋಮೀಟರ್, ಕೆಎ-03 ನಂಬರ್, ಇಂದಿರಾನಗರದಲ್ಲಿರುವ ಎರಡನೇ ಮಾಲೀಕರು. ಹೇಳಿದ ಬೆಲೆ ಹನ್ನೆರಡೂವರೆ ಲಕ್ಷ. ಕೊಳ್ಳಬೇಕೋ ಬೇಡವೋ ಅಂತ ಎರಡು ತಿಂಗಳು ಅಳೆದು ಸುರಿದು ನೋಡಿದೆ. ನನ್ನನ್ನ ನೋಡೋಕೆ ಬಂದಾಗ ಎರಡು ಗಂಟೆಯಲ್ಲಿ ಒಪ್ಕೊಂಡು ಹೋಗಿದ್ರಲ್ಲ ಅಂತ ನನ್ನ ಹೆಂಡತಿ ಈಗಲೂ ಹಂಗಿಸ್ತಾಳೆ. ಆ ಲೆಕ್ಕವನ್ನೆಲ್ಲ ಇಲ್ಲಿ ಬಿಚ್ಚಿಡ್ತಿದ್ದೀನಿ. ಓದುವವರಲ್ಲಿ ಇದೇ ಜ್ವರ ಬಂದವರು ಕಡಿಮೆ ಇರಲಿಕ್ಕಿಲ್ಲ.

ಮೊದಲು ಆಸೆಯ ಪರವಾದ ವಾದ. ಅದೇನೂ ದಡ್ಡ ವಾದ ಅಲ್ಲ.

ಎ3 ಸೆಡಾನ್ ಭಾರತಕ್ಕೆ ಬಂದದ್ದು 2014ರ ಆಗಸ್ಟಿನಲ್ಲಿ. ಆಗಲೇ ಅದರ ಆರಂಭದ ಎಕ್ಸ್-ಶೋರೂಮ್ ಬೆಲೆ 22.95 ಲಕ್ಷ. ಮೇಲಿನ ವೇರಿಯಂಟ್ ತಗೊಂಡು, ತೆರಿಗೆ, ವಿಮೆ ಎಲ್ಲ ಸೇರಿಸಿದರೆ ಮೂವತ್ತು ಲಕ್ಷದ ಮಾತು. ಅದೇ ಗಾಡಿ ಎಂಟು ವರ್ಷ ಕಳೆದ ಮೇಲೆ ಹನ್ನೆರಡೂವರೆಗೆ ನಿಮ್ಮ ಮುಂದೆ ನಿಂತಿದೆ. ಉಳಿದದ್ದು ಎಲ್ಲಿ ಹೋಯಿತು? ಮೊದಲನೇ ಮಾಲೀಕನ ಜೇಬಿನಿಂದ ಹೋಯಿತು.

ತೆರಿಗೆಯನ್ನೇ ನೋಡಿ. ಕರ್ನಾಟಕದಲ್ಲಿ ಹತ್ತು ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 17, ಇಪ್ಪತ್ತು ಲಕ್ಷ ದಾಟಿದರೆ ಶೇ. 18. ಅದರ ಮೇಲೆ ಸೆಸ್ ಬೇರೆ. ಅಂದರೆ ಹತ್ತೂವರೆ ಲಕ್ಷದ ಹೊಸ ಕಾರು ಶೋರೂಮಿನ ಬಾಗಿಲು ದಾಟೋಕೆ ಮುಂಚೆಯೇ ಹತ್ತಿರ ಹತ್ತಿರ ಎರಡು ಲಕ್ಷ ಸರ್ಕಾರಕ್ಕೆ ಹೋಗಿರುತ್ತೆ. ಆ ಎರಡು ಲಕ್ಷ ಓಡೋದೂ ಇಲ್ಲ, ಎಸಿ ಹಾಕಿದರೆ ತಣ್ಣಗೂ ಆಗಲ್ಲ. ಇಲ್ಲೇ ನೋಂದಣಿಯಾದ ಹಳೇ ಕಾರಿಗೆ ಅದನ್ನ ಯಾರೋ ಆಗಲೇ ಕಟ್ಟಿದ್ದಾರೆ. ಆರ್‌ಸಿ ಹದಿನೈದು ವರ್ಷ, ಅಂದರೆ 2031ರವರೆಗೆ ಯಾರೂ ಏನೂ ಕೇಳುವಂತಿಲ್ಲ.

ಗಾಡಿಯೂ ಗಟ್ಟಿ. ಎರಡು ಲೀಟರ್ ಡೀಸೆಲ್ ಎಂಜಿನ್, 143 ಹಾರ್ಸ್‌ಪವರ್. ಈ ತಲೆಮಾರಿನ ಎ3ಗೆ 2012ರಲ್ಲೇ ಯೂರೋ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್ ಸಿಕ್ಕಿದೆ. ಇನ್ನೊಂದು ವಿಷಯ ಎಂಜಿನಿಯರುಗಳಿಗೆ ಮಾತ್ರ ಖುಷಿ ಕೊಡುವಂಥದ್ದು. ಫೋಕ್ಸ್‌ವ್ಯಾಗನ್ ಸಮೂಹದ ಎಂಕ್ಯೂಬಿ ಅನ್ನುವ ಒಂದೇ ಪ್ಲಾಟ್‌ಫಾರ್ಮಿನ ಮೇಲೆ ಎ3ಯೂ ನಿಂತಿದೆ, ಆ ಕಾಲದ ಸ್ಕೋಡಾ ಆಕ್ಟೇವಿಯಾನೂ ನಿಂತಿದೆ. ಒಂದೇ ಹಿಟ್ಟಲ್ಲಿ ದೋಸೆನೂ ಹುಯ್ಯಬಹುದು, ಪಡ್ಡೂ ಮಾಡಬಹುದು, ಹಾಗೆ. ಆಗ ಔರಂಗಾಬಾದ್ ಅಂತಿದ್ದ ಊರಿನ ಹತ್ತಿರ, ಶೇಂದ್ರಾದ ಒಂದೇ ಕಾರ್ಖಾನೆಯಲ್ಲಿ ಎರಡೂ ಜೋಡಣೆಯಾಗುತ್ತಿದ್ದವು. ಹಾಗಾಗಿ ಬುದ್ಧಿವಂತ ಮೆಕ್ಯಾನಿಕ್ ಸಿಕ್ಕಿದರೆ, ನಾಲ್ಕು ಬಳೆಯ ಮುದ್ರೆ ಇಲ್ಲದ ಅದೇ ಪಾರ್ಟು ಸ್ವಲ್ಪ ಕಡಿಮೆಗೆ ಸಿಗುವುದೂ ಉಂಟು.

ಓಡಿಸಿಯೂ ನೋಡಿದೆ. ಭಾನುವಾರ ಬೆಳಗ್ಗೆ ಆರೂವರೆಗೆ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಟೋಲ್ ದಾಟಿದ ಮೇಲೆ. ಆ ಅನುಭವದ ಬಗ್ಗೆ ಹೆಚ್ಚು ಬರೆಯಲ್ಲ, ಬರೆದರೆ ನೀವು ಈ ಲೇಖನ ಅರ್ಧಕ್ಕೇ ಬಿಟ್ಟು ಕಾರು ಹುಡುಕೋಕೆ ಹೋಗ್ತೀರಿ. ಬಾಗಿಲು ಹಾಕಿದಾಗ ಧಪ್ ಅಂತ ಒಂದು ಸದ್ದು ಬರುತ್ತೆ, ಲಾರಿ ಪಕ್ಕದಲ್ಲೇ ಹೋದರೂ ಒಳಗೆ ಮಾತು ಕೇಳುತ್ತೆ, ಅಷ್ಟು ಹೇಳಿದರೆ ಸಾಕು. ತುಮಕೂರಿನ ಹಾಸ್ಟೆಲಿನಲ್ಲಿ ಬಿಇ ಓದುವಾಗ ನನ್ನ ಕಾಟಿನ ಮೇಲೆ ಯಾವುದೋ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಇದೇ ಕಂಪನಿಯ ಕಾರಿನ ಚಿತ್ರ ಇತ್ತು. ಊರಿಂದ ತಂದ ರಾಗಿ ಹುರಿಹಿಟ್ಟು ತಿನ್ನುತ್ತ ಆ ಚಿತ್ರ ನೋಡ್ತಿದ್ದ ಹುಡುಗನಿಗೆ ಹದಿನೈದು ವರ್ಷ ಆದಮೇಲೆ ಆ ಸ್ಟೀರಿಂಗ್ ಕೈಗೆ ಬಂದಾಗ ಏನನ್ನಿಸಬೇಕೋ ಅದೆಲ್ಲ ಅನ್ನಿಸಿತು. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ.

ಈಗ ಎದುರು ವಾದ. ಅದನ್ನ ಒಂದೇ ಸಾಲಲ್ಲಿ ಹೇಳಬಹುದು: ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತೆ, ಅದರ ಪಾರ್ಟುಗಳ ಬೆಲೆ ಇಳಿಯಲ್ಲ.

ನೀವು ಹನ್ನೆರಡು ಲಕ್ಷದ ಕಾರು ಕೊಳ್ತಿಲ್ಲ. ಮೂವತ್ತು ಲಕ್ಷದ ಕಾರನ್ನ ಹನ್ನೆರಡು ಲಕ್ಷಕ್ಕೆ ಕೊಳ್ತಿದ್ದೀರಿ. ವರ್ಕ್‌ಶಾಪಿನವನಿಗೆ ನೀವು ಕೊಟ್ಟ ಬೆಲೆ ಗೊತ್ತಿಲ್ಲ, ಗೊತ್ತಿದ್ದರೂ ಅವನಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಇಂಥ ಕಾರುಗಳ ಒಂದು ಜೊತೆ ಹೆಡ್‌ಲ್ಯಾಂಪಿನ ದುಡ್ಡಿಗೆ ಹೊಸ ಸ್ಕೂಟರ್ ಬರುತ್ತೆ. ನಮ್ಮ ಮನೆಯ ಹಳೇ ವ್ಯಾಗನ್ ಆರ್‌ಗೆ ಏನೇ ಬೇಕಿದ್ದರೂ ಜೆ.ಸಿ. ರಸ್ತೆಯಲ್ಲಿ ಎರಡು ಅಂಗಡಿ ಹತ್ತಿಳಿದರೆ ಸಿಗುತ್ತೆ. ಗುಬ್ಬಿಯಲ್ಲೂ ಸಿಗುತ್ತೆ.

ನಮ್ಮ ಟೀಮಿನ ಒಬ್ಬ ಗೆಳೆಯ ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಕಾರು ತಂದ. ಯಾವ ಕಂಪನಿಯದ್ದು ಅನ್ನೋದು ಬೇಡ. ಏಳು ತಿಂಗಳು ರಾಜನ ಹಾಗೆ ಓಡಾಡಿದ. ಎಂಟನೇ ತಿಂಗಳು ಒಂದು ಸಂಜೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಗಾಡಿ ಎರಡನೇ ಗೇರಿನಿಂದ ಮೇಲಕ್ಕೆ ಹೋಗಲ್ಲ ಅಂತ ಕೂತಿತು. ಮಾರನೇ ದಿನ ವರ್ಕ್‌ಶಾಪಿನಿಂದ ಬಂದ ಎಸ್ಟಿಮೇಟ್ ಎರಡು ಲಕ್ಷದ ಎಂಬತ್ತು ಸಾವಿರ. ಆಗಷ್ಟೇ ಮಗನ ಸ್ಕೂಲಿನ ಅಡ್ಮಿಷನ್ ಆಗಿತ್ತು. ಕಾರು ಒಂದೂವರೆ ತಿಂಗಳು ವರ್ಕ್‌ಶಾಪಿನಲ್ಲೇ ಧೂಳು ತಿಂತು, ಇವನು ಮೆಟ್ರೋದಲ್ಲಿ ಓಡಾಡಿದ, ಕೊನೆಗೆ ಪರ್ಸನಲ್ ಲೋನ್ ತಗೊಂಡ. ಕಾರಿನ ಲೋನ್ ಇನ್ನೂ ತೀರಿರಲಿಲ್ಲ.

ಗೇರ್‌ಬಾಕ್ಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಹಳೇ ಜರ್ಮನ್ ಕಾರಿನಲ್ಲಿ ಜೇಬಿಗೆ ತೂತು ಬೀಳೋದು ಬಹುಪಾಲು ಇಲ್ಲೇ. ಈ ಕಾರುಗಳಲ್ಲಿರೋದು ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಒಂದು ಕ್ಲಚ್ ಈಗಿನ ಗೇರು ಹಿಡಿದಿದ್ದರೆ, ಇನ್ನೊಂದು ಮುಂದಿನ ಗೇರನ್ನ ಸಿದ್ಧ ಇಟ್ಟುಕೊಂಡಿರುತ್ತೆ. ಹೈವೇನಲ್ಲಿ ಬೆಣ್ಣೆ. ಆದರೆ ಅಡಿ ಮುಂದೆ, ಅಡಿ ನಿಲ್ಲು ಅನ್ನುವ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕ್ಲಚ್ ಅರ್ಧಂಬರ್ಧ ಹಿಡಿದೇ ಇರಬೇಕಾಗುತ್ತೆ, ಬಿಸಿಯಾಗುತ್ತೆ. ಇದರಲ್ಲಿ ಎರಡು ಜಾತಿ. ಏಳು ಗೇರಿನ ಒಣ ಕ್ಲಚ್ಚಿನದು ಒಂದು. ಈ ಗೇರ್‌ಬಾಕ್ಸ್ ಇರುವ ಲಕ್ಷಗಟ್ಟಲೆ ಕಾರುಗಳನ್ನ ಫೋಕ್ಸ್‌ವ್ಯಾಗನ್ ಸಮೂಹ 2013ರಲ್ಲಿ ಜಗತ್ತಿನಾದ್ಯಂತ ವಾಪಸ್ ಕರೆಸಿ, ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಟ್ಟಿತ್ತು. ಇನ್ನೊಂದು ಆರು ಗೇರಿನದು, ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತೆ, ಬಿಸಿ ತಡೆಯುತ್ತೆ. ಆದರೆ ಪ್ರತಿ 60,000 ಕಿಲೋಮೀಟರಿಗೆ ಅದರ ಎಣ್ಣೆ, ಫಿಲ್ಟರ್ ಬದಲಿಸಲೇಬೇಕು. ನಾನು ನೋಡಿದ ಡೀಸೆಲ್ ಎ3ಯಲ್ಲಿದ್ದದ್ದು ಈ ಎರಡನೆಯದು. 64,000 ಓಡಿದ ಗಾಡಿ ಅಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ಆ ಎಣ್ಣೆ ಬದಲಿಸಿದ ಬಿಲ್ ಇದೆಯಾ ಅಂತ. ಇತ್ತು. ಮಾಲೀಕರು ಪ್ರತಿಯೊಂದು ಬಿಲ್ಲನ್ನೂ ಫೈಲ್ ಮಾಡಿಟ್ಟಿದ್ದ ಅಚ್ಚುಕಟ್ಟಿನ ಮನುಷ್ಯ.

ಇನ್ನು ವಿಮೆ. 1500 ಸಿಸಿ ದಾಟಿದ ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಮ್ಮೇ ವರ್ಷಕ್ಕೆ 7,897 ರೂಪಾಯಿ, ತೆರಿಗೆ ಬೇರೆ. ಅದು ದೊಡ್ಡದಲ್ಲ. ದೊಡ್ಡದು ಏನಂದ್ರೆ, ಐದು ವರ್ಷ ದಾಟಿದ ಗಾಡಿಗೆ ಝೀರೋ ಡೆಪ್ರಿಸಿಯೇಷನ್ ಕವರ್ ಕೊಡೋಕೆ ಎಷ್ಟೋ ಕಂಪನಿಗಳು ಹಿಂದೇಟು ಹಾಕುತ್ತವೆ. ಅದಿಲ್ಲದಿದ್ದರೆ ಬಂಪರ್ ಥರದ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧ ನಿಮ್ಮದೇ. ಹಿಂದಿನಿಂದ ಒಬ್ಬ ಆಟೋದವನು ಮುತ್ತಿಟ್ಟರೆ ಸಾಕು. ಲೋನಿನ ಲೆಕ್ಕ ಹೆಂಡತಿ ನೋಡಿದಳು, ಅವಳು ಬ್ಯಾಂಕಿನಲ್ಲಿರೋದು. "ಹೊಸ ಕಾರಿಗಿಂತ ಹಳೇ ಕಾರಿಗೆ ಬಡ್ಡಿ ಜಾಸ್ತಿ ರೀ, ವರ್ಷಾನೂ ಕಡಿಮೆ ಕೊಡ್ತಾರೆ. ಬ್ಯಾಂಕಿನವ್ರಿಗೇ ನಿಮ್ಮ ಕಾರಿನ ಮೇಲೆ ನಂಬಿಕೆ ಇಲ್ಲ, ನೋಡಿ" ಅಂದಳು.

ಎ3ಗೆ ಬರೋ ಮುಂಚೆ ಇನ್ನೂ ಎರಡು ಕಾರು ನೋಡಿದ್ದೆ, ಬೇರೆ ಬೇರೆ ಕಂಪನಿಯವು. ಒಂದು ದೆಹಲಿ ನಂಬರಿನದು, ಎ3ಗಿಂತ ಮೂರು ಲಕ್ಷ ಕಡಿಮೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದು ಅನ್ನೋ ಹಸಿರು ನ್ಯಾಯಮಂಡಳಿಯ ಆದೇಶವನ್ನ 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದ ಮೇಲೆ, ಆ ಕಡೆಯ ಡೀಸೆಲ್ ಕಾರುಗಳು ಅಗ್ಗವಾಗಿ ನಮ್ಮ ಕಡೆ ಬರ್ತಿವೆ. ಆದರೆ ಒಂದು ವರ್ಷಕ್ಕಿಂತ ಹೆಚ್ಚು ಇಲ್ಲಿ ಓಡಿಸಬೇಕಾದರೆ ಅಲ್ಲಿಂದ ಎನ್‌ಒಸಿ ತಂದು, ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. ಗಾಡಿಯ ವಯಸ್ಸಿಗೆ ತಕ್ಕ ರಿಯಾಯಿತಿ ಇರುತ್ತೆ ನಿಜ, ಆದ್ರೂ ಆ ಮೂರು ಲಕ್ಷದ ಉಳಿತಾಯದಲ್ಲಿ ಬಹುಪಾಲು ಅಲ್ಲೇ ಕರಗುತ್ತೆ. ಇನ್ನೊಂದು ಕಾರು ಹೊರಗಿನಿಂದ ಕನ್ನಡಿ. ಸೀಟ್ ಬೆಲ್ಟನ್ನ ಪೂರ್ತಿ ಎಳೆದು ನೋಡಿದಾಗ ಕೊನೆಯ ಒಂದು ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ ಕಾಣಿಸ್ತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರು, ಬೆಳ್ಳಂದೂರು ಕಡೆ ಎಂಥೆಂಥ ಕಾರುಗಳು ನೀರಲ್ಲಿ ನಿಂತಿದ್ದವು ಅನ್ನೋದನ್ನ ಎಲ್ಲರೂ ಟೀವಿಯಲ್ಲಿ ನೋಡಿದ್ದೀವಿ. ಆ ಕಾರುಗಳೆಲ್ಲ ಆಮೇಲೆ ಎಲ್ಲಿಗೆ ಹೋದವು ಅಂತ ಯಾರೂ ಕೇಳಲಿಲ್ಲ. ಇದೂ ಅವುಗಳಲ್ಲಿ ಒಂದಾ ಅಂತ ನಾನೂ ಕೇಳದೆ ಎದ್ದು ಬಂದೆ.

ಸೀಟ್ ಬೆಲ್ಟ್ ಎಳೆದು ನೋಡೋ ಬುದ್ಧಿ ನನಗೆ ಬಂದದ್ದು ಅಪ್ಪನಿಂದ. ಅಪ್ಪನಿಗೆ ಕಾರು ಓಡಿಸೋಕೆ ಬರಲ್ಲ. ಆದರೆ ಸಿದ್ಧಗಂಗೆ ಜಾತ್ರೆಯಲ್ಲಿ ರಾಸು ಕೊಳ್ಳೋದರಲ್ಲಿ ನಮ್ಮೂರಿನಲ್ಲಿ ಅಪ್ಪನ ಮಾತೇ ಕೊನೆ. ಎತ್ತಿನ ಹತ್ತಿರ ಹೋಗೋ ಮುಂಚೆ ಅದರ ಯಜಮಾನನ ಜೊತೆ ಬೀಡಿ ಸೇದ್ತಾ ಅರ್ಧ ಗಂಟೆ ಮಾತಾಡೋದು, ಯಾಕೆ ಮಾರ್ತಿದ್ದೀಯಪ್ಪ ಅಂತ ಮೂರು ಸಲ ಮೂರು ಥರ ಕೇಳೋದು. ಆಮೇಲೆ ಬಾಯಿ ಬಿಡಿಸಿ ಹಲ್ಲು ಎಣಿಸೋದು, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದ್ದೋ ಅಂತ. ಸುಳಿ ನೋಡೋದು, ನಡೆಸಿ ನೋಡೋದು. ಕೊನೆಗೆ ದಳ್ಳಾಳಿಯ ಕೈ ಮೇಲೆ ಟವೆಲ್ ಮುಚ್ಚಿ ಬೆರಳು ಹಿಡಿದು ವ್ಯಾಪಾರ. ಹಲ್ಲು ಸುಳ್ಳು ಹೇಳಲ್ಲ ಅನ್ನೋದು ಅಪ್ಪನ ನಂಬಿಕೆ. ಕಾರಿನ ಓಡೋಮೀಟರ್ ಮಾತ್ರ ಸುಳ್ಳು ಹೇಳುತ್ತೆ. ಅದಕ್ಕೇ ಸರ್ವಿಸ್ ರೆಕಾರ್ಡಿನಲ್ಲಿ ಬರೆದ ಕಿಲೋಮೀಟರು, ಬ್ರೇಕ್ ಪೆಡಲಿನ ರಬ್ಬರು ಸವೆದಿರೋದು, ಸ್ಟೀರಿಂಗಿನ ಚರ್ಮ ಹೊಳಪು ಬಂದಿರೋದು, ಟೈರಿನ ಮೇಲಿನ ತಯಾರಿಕೆಯ ವಾರ ಮತ್ತು ವರ್ಷ, ಎಲ್ಲ ಒಂದಕ್ಕೊಂದು ತಾಳೆಯಾಗ್ತವಾ ಅಂತ ನೋಡಬೇಕು. ಎ3ಯಲ್ಲಿ ತಾಳೆಯಾಯಿತು.

ಅಂದರೆ ಒಳ್ಳೇ ಕಾರು, ಒಳ್ಳೇ ಮಾಲೀಕರು, ಪರವಾಗಿಲ್ಲ ಅನ್ನೋ ಬೆಲೆ. ಮನೆಗೆ ಬಂದು ಎಕ್ಸೆಲ್ ಶೀಟ್ ತೆಗೆದೆ. ಒಂದು ಕಡೆ ಎ3, ಇನ್ನೊಂದು ಕಡೆ ಅದೇ ದುಡ್ಡಿಗೆ ಬರುವ ಹೊಸ ಚಿಕ್ಕ ಎಸ್‌ಯುವಿ. ಐದು ವರ್ಷದ ಸರ್ವಿಸ್, ವಿಮೆ, ಟೈರು, ಡೀಸೆಲ್ಲು, ಬಡ್ಡಿ, ಕೊನೆಗೆ ಮಾರಿದರೆ ಬರೋ ದುಡ್ಡು. ಏನೂ ಕೆಡದಿದ್ದರೆ ಎರಡಕ್ಕೂ ಇರುವ ವ್ಯತ್ಯಾಸ ಎರಡು ಲಕ್ಷದೊಳಗೇ ಬಂತು! ಐದು ವರ್ಷದ ಖುಷಿಗೆ ಎರಡು ಲಕ್ಷ, ತಿಂಗಳಿಗೆ ಮೂರು ಸಾವಿರದ ಚಿಲ್ಲರೆ. ವೀಕೆಂಡ್ ಒಂದು ಸಲ ಮಾಲಿಗೆ ಹೋಗೋದು ಬಿಟ್ಟರೆ ಆಯಿತು.

ಆದರೆ ನಮ್ಮ ಕೆಲಸದಲ್ಲಿರೋರಿಗೆಲ್ಲ ಒಂದು ವಿಷಯ ಗೊತ್ತು. ಸರ್ವರ್ ವರ್ಷದಲ್ಲಿ ಸರಾಸರಿ ಎಷ್ಟು ಲೋಡ್ ತಗೊಳ್ಳುತ್ತೆ ಅನ್ನೋದರಿಂದ ಯಾರ ನಿದ್ದೆಯೂ ಕೆಡಲ್ಲ. ನಿದ್ದೆ ಕೆಡೋದು ಹಬ್ಬದ ಸೇಲಿನ ದಿನ ರಾತ್ರಿ ಬರೋ ಲೋಡಿನಿಂದ. ಹಳೇ ಲಕ್ಷುರಿ ಕಾರೂ ಅಷ್ಟೇ. ಅದರ ಖರ್ಚು ತಿಂಗಳಿಗೆ ಮೂರು ಸಾವಿರದ ಹಾಗೆ ಹಂಚಿಕೊಂಡು ಬರಲ್ಲ. ಮೂರು ವರ್ಷ ಸುಮ್ಮನಿದ್ದು ಒಂದು ಸೋಮವಾರ ಬೆಳಗ್ಗೆ ಮೂರು ಲಕ್ಷ ಅಂತ ಬರುತ್ತೆ. ಬರದೇ ಇರಬಹುದು. ಬಂದರೆ ಆ ದಿನ ಕೊಡೋಕೆ ಇರಬೇಕು. ಹಾಗಾಗಿ ಇಂಥ ಕಾರು ಕೊಳ್ಳೋರು ಬೆಲೆಯ ನಾಲ್ಕನೇ ಒಂದು ಭಾಗ, ಹೆಚ್ಚುಕಡಿಮೆ ಮೂರು ಲಕ್ಷ, ಬೇರೆ ಖಾತೆಯಲ್ಲಿಟ್ಟು ಮರೆತುಬಿಡಬೇಕು. ಇದು ನನ್ನ ಲೆಕ್ಕ. ಆ ದುಡ್ಡು ಇಲ್ಲದವನು ಇಎಂಐ ಕಟ್ಟಬಲ್ಲೆ ಅಂತ ಕೊಂಡರೆ ನನ್ನ ಗೆಳೆಯನ ಹಾಗೆ ಒಂದು ಲೋನಿನ ಮೇಲೆ ಇನ್ನೊಂದು ಲೋನು.

ನಮ್ಮ ಮನೆಯಲ್ಲಿ ಆ ಮೂರು ಲಕ್ಷ ಇತ್ತು. ಈಗಲೂ ಇದೆ.

ಎರಡನೇ ಸಲ ಕಾರು ನೋಡೋಕೆ ಹೋದಾಗ ಅಪ್ಪ ಅಮ್ಮನೂ ಜೊತೆಗಿದ್ದರು. ಅಮ್ಮನ ಮಂಡಿ ತೋರಿಸೋಕೆ ಊರಿಂದ ಬಂದಿದ್ದರು. ಅಪ್ಪ ಕಾರನ್ನ ಒಂದು ಸುತ್ತು ಹಾಕಿ, ಮುಂದಿನ ಮುದ್ರೆ ಮುಟ್ಟಿ, "ಇದೇನಪ್ಪ, ನಾಲ್ಕು ಬಳೆ ಸಾಲಾಗಿ ಜೋಡಿಸವ್ರೆ" ಅಂದರು. ಆಮೇಲೆ ಬಗ್ಗಿ ಗಾಡಿಯ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರ ಇದೆ ಅಂತ ಗೇಣು ಹಾಕಿದರು. ನಮ್ಮ ತೋಟದ ಮನೆಗೆ ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ, ನಡುವೆ ಟ್ರ್ಯಾಕ್ಟರ್ ಚಕ್ರದ ಎರಡು ಕಾಲುವೆ. ಅಪ್ಪ ಏನೂ ಹೇಳಲಿಲ್ಲ. ಅಮ್ಮ ಹಿಂದಿನ ಸೀಟಿನಲ್ಲಿ ಕೂತರು. ಕೂತಿದ್ದು ಸರಿಯಾಗೇ ಆಯಿತು. ಇಳಿಯುವಾಗ ಬಾಗಿಲ ಚೌಕಟ್ಟು ಹಿಡಿದು ಒಂದು ಸಲ ಪ್ರಯತ್ನ ಮಾಡಿದರು, ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ನನ್ನ ಹೆಂಡತಿ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. "ಚೆನ್ನಾಗದೆ ಕಣಪ್ಪ, ಮೆತ್ತಗದೆ. ನಂಗೇ ವಸಿ ತಗ್ಗಾಯ್ತು" ಅಂದರು ಅಮ್ಮ, ಕಾರಿನ ಮಾಲೀಕರಿಗೆ ಬೇಜಾರಾಗಬಾರದು ಅನ್ನೋ ಹಾಗೆ ನಗುತ್ತ.

ವ್ಯಾಗನ್ ಆರ್‌ನ ಸೀಟು ಎತ್ತರ. ಅದರಲ್ಲಿ ಅಮ್ಮ ಕುರ್ಚಿಯ ಮೇಲೆ ಕೂತ ಹಾಗೆ ಕೂತು, ಕುರ್ಚಿಯಿಂದ ಎದ್ದ ಹಾಗೆ ಇಳಿತಾರೆ. ಇಷ್ಟು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಆವತ್ತು ಮಧ್ಯಾಹ್ನ ಡಾಕ್ಟರು ಎಕ್ಸ್‌ರೇ ನೋಡಿ ಎರಡೂ ಮಂಡಿ ಬದಲಿಸಬೇಕು, ಒಂದಾದ ಮೇಲೆ ಒಂದು ಮಾಡೋಣ ಅಂದರು. ಕಂಪನಿಯ ಇನ್ಶೂರೆನ್ಸಿನಲ್ಲಿ ಅಪ್ಪ ಅಮ್ಮ ಇದ್ದಾರೆ, ಆದರೆ ಅವರ ಕವರಿಗೆ ಮಿತಿ ಇದೆ. ಅದರ ಮೇಲಿನದ್ದು, ಆಮೇಲಿನ ಫಿಸಿಯೋಥೆರಪಿ, ಓಡಾಟ ಎಲ್ಲ ಕೈಯಿಂದ. ಬೇರೆ ಖಾತೆಯಲ್ಲಿಟ್ಟು ಮರೆತುಬಿಡಬೇಕು ಅಂದೆನಲ್ಲ, ಆ ಮೂರು ಲಕ್ಷಕ್ಕೆ ನಮ್ಮ ಮನೆಯಲ್ಲಿ ಆಗಲೇ ಹೆಸರಿತ್ತು. ಗೇರ್‌ಬಾಕ್ಸು ಮತ್ತು ಮಂಡಿ ಎರಡೂ ಒಂದೇ ಖಾತೆಯಿಂದ ದುಡ್ಡು ತೆಗೆಯೋಕೆ ಆಗಲ್ಲ.

ರಾತ್ರಿ ಊಟ ಮಾಡ್ತಾ ಅಪ್ಪನನ್ನೇ ಕೇಳಿದೆ, ಏನಂತೀರ ಅಂತ. "ಎತ್ತು ಒಳ್ಳೇದೇ ಅದೆ" ಅಂದರು. ಒಂದು ತುತ್ತು ಮುದ್ದೆ ನುಂಗಿ, "ಆದ್ರೆ ಜಾತ್ರೆಗೆ ಹೊರಡೋಕ್ ಮುಂಚೆ ಮೆದೇಲಿ ಎಷ್ಟು ಹುಲ್ಲದೆ ಅಂತ ನೋಡ್ಕಂಡು ಹೋಗ್ಬೇಕು ಕಣಪ್ಪ. ಜಾತ್ರೇಲಿ ನಿಂತ್ಕಂಡು ಎತ್ತು ನೋಡ್ದಾಗ ಹುಲ್ಲು ಗ್ಯಾಪ್ನ ಬರಕಿಲ್ಲ" ಅಂದರು. ಬೇಡ ಅಂತ ಹೇಳಲಿಲ್ಲ. ನಾನು ಸಂಪಾದಿಸಲು ಶುರು ಮಾಡಿದ ಮೇಲೆ ಅಪ್ಪ ನನಗೆ ಯಾವುದನ್ನೂ ಬೇಡ ಅಂದಿಲ್ಲ.

ಮಾಲೀಕರಿಗೆ ಫೋನ್ ಮಾಡಿ ಈಗ ಆಗಲ್ಲ ಸರ್ ಅಂತ ಹೇಳಿದೆ. ಅಮ್ಮನನ್ನ ನೋಡಿದ್ದರಿಂದ ಅವರೂ ಹೆಚ್ಚು ಕೇಳಲಿಲ್ಲ. ವಾರದಲ್ಲಿ ಕಾರು ಮಾರಾಟವಾಯಿತಂತೆ. ಅಮ್ಮನ ಒಂದು ಮಂಡಿಯ ಆಪರೇಷನ್ ಆಗಿದೆ. ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ಇನ್ನೊಂದು ಮಂಡಿ ಯುಗಾದಿ ಆದಮೇಲೆ. ವ್ಯಾಗನ್ ಆರ್‌ಗೆ ನಾಲ್ಕೂ ಟೈರು ಹೊಸದು ಹಾಕಿಸಿದ್ದೀನಿ.

ಇದನ್ನ ಓದಿ ನೀವೂ ಕೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ. ಇಲ್ಲಿಯದೇ ನಂಬರಿನ ಗಾಡಿ ನೋಡಿ. ಸರ್ವಿಸ್ ರೆಕಾರ್ಡ್ ಪೂರ್ತಿ ಇದೆಯಾ, ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದ ಬಿಲ್ ಇದೆಯಾ, ಹಳೇ ಲೋನ್ ತೀರಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಿದೆಯಾ ನೋಡಿ. ಸೀಟ್ ಬೆಲ್ಟ್ ಪೂರ್ತಿ ಎಳೀರಿ. ಮನೆಯಲ್ಲಿ ಮಂಡಿನೋವಿನವರಿದ್ದರೆ ಅವರನ್ನ ಒಂದು ಸಲ ಕೂರಿಸಿ, ಇಳಿಸಿ. ಇಷ್ಟೆಲ್ಲ ಆದಮೇಲೂ ನಿಮ್ಮ ಆ ಮೂರು ಲಕ್ಷಕ್ಕೆ ಬೇರೆ ಯಾವ ಹೆಸರೂ ಇಲ್ಲದಿದ್ದರೆ ಧಾರಾಳವಾಗಿ ತಗೊಳ್ಳಿ, ಯಾರಿಗೂ ಸಮಜಾಯಿಷಿ ಕೊಡೋಕೆ ಹೋಗಬೇಡಿ. ಒಂದು ಭಾನುವಾರ ಬೆಳಗ್ಗೆ ನನಗೂ ಒಂದು ರೌಂಡ್ ಕೊಡಿ. ನೆಲಮಂಗಲದ ಟೋಲಿನವರೆಗೆ ಸಾಕು, ಟೋಲ್ ನಾನೇ ಕಟ್ತೀನಿ.